ಗೊರೇಬಾಳದ ಹಿತ್ತಲಲ್ಲಿ ಒಂದು ಶ್ರಾವಣ

ಶ್ರಾವಣ ಮಾಸದ ಪ್ರವಚನಕ್ಕೆಂದು ಊರೂರು ಸಂಚರಿಸುವುದು ಮಠದಲ್ಲಿ ಓದುತ್ತಿದ್ದ ದಿನಗಳಿಂದಲೂ ನಮಗೆ ಬಂದ ರೂಢಿ. 2024ರ ಶ್ರಾವಣದಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯ ಗೊರೇಬಾಳದಲ್ಲಿ ಸದ್ಭಕ್ತರೊಬ್ಬರ ಮನೆಯಲ್ಲಿ ಕೆಲವು ದಿನ ತಂಗುವ ಯೋಗ ಒದಗಿತು. ಪ್ರವಚನದ ವಿಷಯವನ್ನೇ ಬರೆಯಬೇಕೆಂದು ಲೇಖನಿ ಹಿಡಿದೆವು. ಆದರೆ ಮನಸ್ಸು ಮರಳಿ ಮರಳಿ ಹೋಗುವುದು ಆ ಮನೆಯ ಹಿತ್ತಲಿಗೆ, ಅಲ್ಲಿಗೆ ಆಗಷ್ಟೇ ಬಂದಿದ್ದ ಬೆಕ್ಕಿನ ಮರಿಯ ಬಳಿಗೆ. ವಾಚಕರು ಮನ್ನಿಸಬೇಕು.

ಮಸ್ಕಿಯ ಕಲ್ಲುಗುಡ್ಡಗಳು ಹಿಂದೆ ಸರಿಯುತ್ತಲೇ ಎರೆಯ ಬಯಲು ತೆರೆದುಕೊಳ್ಳುತ್ತದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಆ ಮಸ್ಕಿಯಲ್ಲಿಯೇ. ಈಚೆಗೆ ಬಂದರೆ ಕಣ್ಣು ಹಾಯುವವರೆಗೆ ಭತ್ತದ ಹಸಿರು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಮುಗಿದು, ಎಡದಂಡೆಯ ಕಾಲುವೆ ಈ ಸೀಮೆಗೆ ಹರಿದ ಮೇಲೆ ಜೋಳ, ಹತ್ತಿಯ ನೆಲವು ಭತ್ತದ ಕಣಜವಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ನೀರು ಸಿರಿಯನ್ನು ತಂದಿತೆಂಬುದರಲ್ಲಿ ಸಂದೇಹವಿಲ್ಲ. ಅದು ಇನ್ನೇನನ್ನು ತಂದಿತೆಂಬುದನ್ನು ಅರಿಯಲು ಆ ಮನೆಯ ಹಿತ್ತಲಿಗೇ ಹೋಗಬೇಕಾಯಿತು.

ಆ ಮನೆಯ ಹಿರಿಯ ತಾಯಿಗೆ ಎಂಬತ್ತರ ಹತ್ತಿರದ ವಯಸ್ಸು. ಬೆಳಗಿನ ಲಿಂಗಪೂಜೆಗೆ ಪತ್ರಿ, ಪುಷ್ಪ ತಮ್ಮ ಹಿತ್ತಲಿನದೇ ಆಗಬೇಕೆಂಬುದು ಅವರ ಆಸೆ. ಪತ್ರಿಯ ಗಿಡವನ್ನು ಮೂರು ಸಲ ನೆಟ್ಟರಂತೆ, ಮೂರು ಸಲವೂ ಒಣಗಿತಂತೆ. ಎರೆಮಣ್ಣಿನ ಸ್ವಭಾವವೇ ವಿಚಿತ್ರ. ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಿತ್ತಲಿನ ಗೋಡೆ ಹೀಗೆ ಎರಡು ಕಡೆ ಸೀಳಿತ್ತು. ಸುತ್ತಲಿನ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರು ಕೆಳಗೆ ಬಸಿದುಹೋಗಲು ದಾರಿಯಿಲ್ಲದೆ ಅಂತರ್ಜಲ ಮೇಲೇರುತ್ತದೆ. ಆ ನೀರು ಬಿಸಿಲಿಗೆ ಆರಿದಾಗ ಅದರಲ್ಲಿದ್ದ ಉಪ್ಪು ನೆಲದ ಮೇಲೆ ಉಳಿಯುತ್ತದೆ. ಸವಳು, ಜವಳು ಎಂದು ರೈತರು ಹೇಳುವುದು ಇದನ್ನೇ. ಹಿತ್ತಲಿನ ಒಂದು ಮೂಲೆ ವಿಭೂತಿ ಚೆಲ್ಲಿದಂತೆ ಬೆಳ್ಳಗಿತ್ತು. ಅಲ್ಲಿ ಯಾರೂ ನೆಡದ ಬಳ್ಳಾರಿ ಜಾಲಿ ಮಾತ್ರ ಸುಖವಾಗಿ ಬೆಳೆದಿತ್ತು.

ಇಷ್ಟು ಸಾಲದೆಂಬಂತೆ ಹಿತ್ತಲಿನ ನಡುವೆ ಒಂದು ಹಳೆಯ ಹಗೇವು. ಈಗಿನ ಮಕ್ಕಳಿಗೆ ಹಗೇವು ಎಂದರೆ ತಿಳಿಯದು. ಬಾಯಿ ಕಿರಿದಾಗಿ ಹೊಟ್ಟೆ ಹಿರಿದಾಗಿ ನೆಲದೊಳಗೆ ತೋಡಿದ ಧಾನ್ಯದ ಉಗ್ರಾಣವದು. ಒಳಗೆ ಹೊಟ್ಟು, ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆಯಿಟ್ಟು ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲದಲ್ಲಿ ಎಷ್ಟೋ ಜೀವಗಳನ್ನು ಉಳಿಸಿದ್ದು ಇಂತಹ ಹಗೇವುಗಳೇ. ಅದು ಒಣನೆಲದ ವಿದ್ಯೆ. ನೆಲದಲ್ಲಿ ತೇವ ಏರಿದ ಮೇಲೆ ಆ ಮನೆಯ ಹಗೇವಿನಲ್ಲಿ ಜೋಳ ಮುಗ್ಗಿ ಹೋಯಿತು. ಅಂದಿನಿಂದ ಅದರ ಬಾಯಿಗೆ ಬಂಡೆ ಬಿತ್ತು. ಪಕ್ಕದ ಮಣ್ಣು ಕುಸಿಯುತ್ತ ಬಂದು, ಹೆಗ್ಗಣಗಳು ಅಲ್ಲಿ ಸಂಸಾರ ಹೂಡಿದ್ದವು.

ಹೆಗ್ಗಣಗಳ ಕಾಟಕ್ಕಾಗಿಯೇ ಬೆಕ್ಕು. ಹಿಂದಿನ ವರ್ಷ ಇಲಿಪಾಷಾಣ ಇಟ್ಟಿದ್ದರಂತೆ. ವಿಷ ತಿಂದ ಇಲಿಯನ್ನು ಮನೆಯ ಹಳೆಯ ಬೆಕ್ಕು ತಿಂದು, ಒಲೆಯ ಮಗ್ಗುಲಲ್ಲಿಯೇ ಪ್ರಾಣ ಬಿಟ್ಟಿತು. ಆ ಪೊಟ್ಟಣವನ್ನು ತಂದವಳು ಸೊಸೆ. ಅವಳು ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದುದನ್ನು ನಾವು ಗಮನಿಸಿದೆವು. ಈಗ ಎರಡು ತಿಂಗಳ ಮರಿಯೊಂದನ್ನು ತವರಿನಿಂದ ತಂದವಳೂ ಅವಳೇ. ಮೈ ಬೂದು, ಹಣೆ ಬೆಳ್ಳಗೆ. ಹಣೆಯ ಬಿಳುಪನ್ನು ನೋಡಿ ಮೊಮ್ಮಗ ಅದಕ್ಕೆ ‘ಭಸ್ಮ’ ಎಂದು ಹೆಸರಿಟ್ಟಿದ್ದ. ನಾವು ಪೂಜೆಗೆ ಕುಳಿತರೆ ನಮ್ಮ ಶಲ್ಯದ ಅಂಚಿನೊಡನೆ ಅದರ ಮಲ್ಲಯುದ್ಧ. ಒಂದು ಬೆಳಗ್ಗೆ ಹೂವಿನ ಬುಟ್ಟಿಯಲ್ಲಿಯೇ ನಿದ್ದೆ ಹೋಗಿತ್ತು.

ಎರಡನೆಯ ದಿನ ಹಿರಿಯ ತಾಯಿ ಮೆಲ್ಲನೆ ಕೇಳಿದರು: “ಯಪ್ಪಾ, ಲಿಂಗ ಕಟ್ಟಿದ ಮನಿಯಾಗ ಕೊಲ್ಲೋ ಪ್ರಾಣೀನ ಸಾಕಬಹುದೇನ್ರಿ?” ಹಾಲು, ರೊಟ್ಟಿಯನ್ನಷ್ಟೇ ಕೊಡಬೇಕೆಂದು ಅವರ ನಿಶ್ಚಯ. ಮರಿಗೋ ಆಕಳ ಹಾಲು ಒಗ್ಗದೆ ಭೇದಿ ಹತ್ತಿತ್ತು. ಶಾಸ್ತ್ರ ಓದಿದವರೆಂದು ನಮ್ಮನ್ನು ಕೇಳಿದರು. ಆದರೆ ಬೆಕ್ಕಿನ ಹೊಟ್ಟೆ ಶಾಸ್ತ್ರ ಓದಿಲ್ಲವಷ್ಟೆ! ಅದರ ಶರೀರಕ್ಕೆ ಟಾರಿನ್ ಎಂಬ ಸತ್ವ ಬೇಕು. ಅದು ಮಾಂಸದಲ್ಲಿದೆ, ಧಾನ್ಯದಲ್ಲಿಲ್ಲ. ಅದು ಸಾಲದಾದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ನಮ್ಮ ವ್ರತ ನಮಗಿರಲಿ, ಅದನ್ನು ಬೆಕ್ಕಿನ ಮೇಲೆ ಹೇರಿದರೆ ಅದೂ ಒಂದು ಹಿಂಸೆಯೇ ಎಂದೆವು. ತಾಯಿಗೆ ಪೂರ್ತಿ ಸಮಾಧಾನವಾಗಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಆಗಲಿಲ್ಲ. ಕೊನೆಗೆ ಸೊಸೆ ಸಿಂಧನೂರಿನಿಂದ ಬೆಕ್ಕಿನ ಆಹಾರದ ಪೊಟ್ಟಣ ತರುವುದು, ಅದರ ಬಟ್ಟಲು ಅಡುಗೆಮನೆಯ ಹೊಸ್ತಿಲು ದಾಟದೆ ಹಿತ್ತಲಲ್ಲಿಯೇ ಇರುವುದು ಎಂದು ಅತ್ತೆ ಸೊಸೆಯರಲ್ಲಿ ಒಪ್ಪಂದವಾಯಿತು.

ಅಷ್ಟರಲ್ಲಿ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನ ಊರಿನಲ್ಲಿ ಬೇರೆ ಮಾತಿಲ್ಲ. ತುಂಬಿದ ಜಲಾಶಯ ಕಣ್ಣೆದುರೇ ಬರಿದಾಗುತ್ತಿದೆ, ನಾಟಿ ಮಾಡಿದ ಭತ್ತಕ್ಕೆ ನೀರು ಎಲ್ಲಿಂದ? ಪ್ರವಚನಕ್ಕೆ ಬಂದವರು ಮೊಬೈಲಿನಲ್ಲಿ ಡ್ಯಾಮಿನ ಸುದ್ದಿ ನೋಡುತ್ತಿದ್ದರು. ನಾವು ಬೇಡವೆನ್ನಲಿಲ್ಲ. ಹಿತ್ತಲನ್ನು ಕೆಡಿಸಿದ ಅದೇ ನೀರಿಗಾಗಿ ಮನೆಮಂದಿಯೆಲ್ಲ ಕೈಮುಗಿದು ಕುಳಿತಿದ್ದರು. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದರೆಂಬ ವಾರ್ತೆ ಬಂದ ಮೇಲೆಯೇ ಜನ ಉಸಿರಾಡಿದ್ದು.

ಆ ಕಳವಳದ ದಿನಗಳಲ್ಲಿಯೇ ಮರಿ ಕಾಣೆಯಾಯಿತು. ಸಂಜೆ ಹುಡುಕಿದರೆ ಕೂಗು ಹಗೇವಿನಿಂದ! ಮಳೆಗೆ ಬಂಡೆಯ ಮಗ್ಗುಲಿನ ಮಣ್ಣು ಕುಸಿದು ಕಂಡಿ ಬಿದ್ದಿತ್ತು. ಹತ್ತು ವರ್ಷದ ಮೊಮ್ಮಗ ಅಂಗಿ ಕಳಚಿ ಇಳಿಯಲು ಸಿದ್ಧನಾದ. ನಾವೂ, ಹುಡುಗ ತೆಳ್ಳಗಿದ್ದಾನೆ, ಹಗ್ಗ ಕಟ್ಟಿ ಇಳಿಸಿದರೆ ಕ್ಷಣದ ಕೆಲಸವೆಂದು ಯೋಚಿಸುತ್ತಿದ್ದೆವು. ಎಂದೂ ದನಿಯೆತ್ತದ ಹಿರಿಯ ತಾಯಿ ಆಗ ಕಿರುಚಿದರು: “ದೀಪ ಬಿಡದ ಯಾರೂ ಇಳೀಬ್ಯಾಡ್ರಿ!”

ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಬಾಯಿಯ ಕೆಳಗೆ ಕುಸಿದು ಬಿದ್ದ ಮಣ್ಣಿನ ದಿಬ್ಬ. ಅದರ ತುದಿಯಲ್ಲಿ ಎರಡು ಹಸಿರು ಕಣ್ಣು. ಅಲ್ಲಿ ದೀಪ ಉರಿಯಿತು. ದಿಬ್ಬದ ಮಗ್ಗುಲಿಗೆ ಇನ್ನೂ ಕೆಳಗೆ ಬಿಟ್ಟಾಗ ಜ್ವಾಲೆ ಕುಗ್ಗಿ, ಯಾರೋ ಊದಿದಂತೆ ನಂದಿತು. ಮುಚ್ಚಿದ ಹಗೇವಿನಲ್ಲಿ ಕೊಳೆತ ಕಾಳು, ಹೊಟ್ಟು ಕೆಟ್ಟ ಗಾಳಿಯನ್ನು ಬಿಡುತ್ತವೆ. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಇಳಿದವನನ್ನು ಎತ್ತಲು ಇಳಿದವನೂ ಏಳದ ಪ್ರಸಂಗಗಳುಂಟು. ದೀಪ ಉರಿದರೂ ಇಳಿಯದಿರುವುದೇ ಕ್ಷೇಮ, ಏಕೆಂದರೆ ದೀಪ ತೋರದ ವಿಷಗಾಳಿಯೂ ಇರಬಹುದು. ನಮ್ಮ ಕೈಕಾಲು ತಣ್ಣಗಾದವು. ನಲವತ್ತು ವರ್ಷ ಪ್ರವಚನ ಹೇಳಿದ ನಾವು ಹುಡುಗನನ್ನು ಇಳಿಸುವವರಿದ್ದೆವು. ಅಕ್ಷರ ಬಾರದ ಆ ತಾಯಿ ತಡೆದರು.

ಹೂವಿನ ಬುಟ್ಟಿಗೆ ಹಗ್ಗ ಕಟ್ಟಿ, ಸೊಸೆಯ ಹಳೆಯ ಸೀರೆಯ ತುಂಡು ಹಾಸಿ, ಆ ಪೊಟ್ಟಣದ ಆಹಾರ ಒಂದು ಹಿಡಿ ಹಾಕಿ ದಿಬ್ಬದ ತುದಿಗೆ ಇಳಿಸಿದರು. ಮರಿ ಬರಲೊಲ್ಲದು. ಎಲ್ಲರೂ ಕೂಗುವುದನ್ನು ನಿಲ್ಲಿಸಿ ಕುಳಿತ ಮೇಲೆ, ಅರ್ಧ ಗಳಿಗೆಯ ತರುವಾಯ ಬುಟ್ಟಿ ಸ್ವಲ್ಪ ಭಾರವಾಯಿತೆಂದು ಸೊಸೆ ಕಣ್ಸನ್ನೆ ಮಾಡಿದಳು. ಅವಳೇ ಎಳೆದಳು. ಮೇಲೆ ಬಂದ ಮರಿಯನ್ನು ಮೊದಲು ಮಡಿಲಿಗೆ ತೆಗೆದುಕೊಂಡವರು, ಮಡಿಯಲ್ಲಿದ್ದ ಹಿರಿಯ ತಾಯಿ.

ಮರುದಿನವೇ ಟ್ರ್ಯಾಕ್ಟರಿನಲ್ಲಿ ಮರಂ ತರಿಸಿ ಹಗೇವು ಮುಚ್ಚಿದರು. ಅಂಚಿನ ಬಿಲಗಳನ್ನು ಅಗೆದಾಗ ಹೆಗ್ಗಣಗಳು ಕೂಡಿಟ್ಟಿದ್ದ ಭತ್ತ ನಾಲ್ಕೈದು ಸೇರಿನಷ್ಟು ಸಿಕ್ಕಿತು. ಹಿಂದಿನ ಸಂಜೆ ನಾವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಚರಿತೆಯನ್ನು ಹೇಳಿದ್ದೆವು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆ ಶರಣ ದಂಪತಿಗಳೆಂದರೆ ಈ ಸೀಮೆಯವರಿಗೆ ಮನೆಯವರಿದ್ದಂತೆ. ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಲಕ್ಕಮ್ಮ ಪತಿಯನ್ನು ತಿರುಗಿ ಕಳಿಸಿದ ಪ್ರಸಂಗವನ್ನು ಹುಡುಗ ಮರೆತಿರಲಿಲ್ಲ. “ಅಜ್ಜಾರ, ಇದನ್ನೂ ಹೊಳ್ಳಿ ಹಾಕಿ ಬರಬೇಕೇನ್ರಿ?” ಎಂದ. ಯಾರ ಗದ್ದೆಯದೆಂದು ಹೇಳುವುದು? ತಾಯಿ ಅದನ್ನು ಹಕ್ಕಿಗಳಿಗೆಂದು ಮಾಳಿಗೆಯ ಮೇಲೆ ಹರವಿಸಿದರು.

ಮುಚ್ಚಿದ ಜಾಗದಲ್ಲಿ ಮರಂ ಎತ್ತರವಾಗಿ ನಿಂತುದರಿಂದ ಜವಳು ತಾಗದೆಂದು ನಾಲ್ಕನೆಯ ಪತ್ರಿಗಿಡವನ್ನು ಅಲ್ಲಿ ನೆಟ್ಟು ನಾವು ಹೊರಟೆವು. ಸಡಿಲ ಮಣ್ಣು ಸಿಕ್ಕಿತೆಂದು ಭಸ್ಮ ಆ ಗಿಡದ ಬುಡವನ್ನೇ ತನ್ನ ಶೌಚಕ್ಕೆ ಆರಿಸಿಕೊಂಡಿತೆಂದೂ, ಸುತ್ತ ಮುಳ್ಳು ಹಾಕಬೇಕಾಯಿತೆಂದೂ ಆಮೇಲೆ ತಿಳಿಯಿತು.

ಕಾರ್ತಿಕದ ಒಂದು ಸೋಮವಾರ ಸೊಸೆಯ ಫೋನು. ಭಸ್ಮ ಮೊದಲನೆಯ ಇಲಿಯನ್ನು ಹಿಡಿದು ತಂದು ಪೂಜಾಕೋಣೆಯ ಹೊಸ್ತಿಲ ಮೇಲೆ ಇಟ್ಟು ಕುಳಿತಿದೆ, ಅತ್ತೆಯವರು ಏನು ಮಾಡಬೇಕೆಂದು ಕೇಳುತ್ತಿದ್ದಾರೆ ಎಂದಳು. ಹಿಂದೆ ಹಿರಿಯ ತಾಯಿಯ ದನಿ ಕೇಳಿಸುತ್ತಿತ್ತು, ಗದರುವುದೋ ಮುದ್ದಿಸುವುದೋ ತಿಳಿಯಲಿಲ್ಲ. ಹೊಸ್ತಿಲು ತೊಳೆಯಿರಿ, ಬೆಕ್ಕನ್ನು ಬಯ್ಯಬೇಡಿರಿ ಎಂದು ಹೇಳಿದೆವು. ಪತ್ರಿ ಚಿಗುರಿತೆ ಎಂದು ಕೇಳಿದ್ದಕ್ಕೆ, “ಮೂರು ಎಲಿ ಬಂದಾವ್ರಿ” ಎಂದಳು.