ಜಾತ್ರೆಯಲ್ಲಿ ಕ್ಯಾಮರಾದ ಯೋಗಕ್ಷೇಮ

ದೊರೆಯದುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೂವತ್ತು ವರ್ಷ ಪಾಠಶಾಲೆಯಲ್ಲಿ ಈ ಅರ್ಥವನ್ನು ಹೇಳಿಕೊಟ್ಟ ನಾನು, ಕ್ಷೇಮವೆಂಬುದನ್ನು ಸರಿಯಾಗಿ ಕಲಿತುದು 2024ರ ಮಾರ್ಚ್ ತಿಂಗಳಲ್ಲಿ, ಕಲಬುರಗಿಯ ಜಾತ್ರೆಯ ಜನಸಂದಣಿಯಲ್ಲಿ.

ನಮ್ಮ ಮನೆಯಿರುವುದು ಸ್ಟೇಶನ್ ಬಜಾರದಲ್ಲಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ಆ ದಿನ ಬೆಳಿಗ್ಗೆ ರೈಲಿನಿಂದಿಳಿದು ಬಂದಳು. ಎರಡು ವರ್ಷ ಸಂಬಳದಲ್ಲಿ ಉಳಿಸಿ, 70,000 ರೂಪಾಯಿಗೆ ಕೊಂಡ ಕ್ಯಾಮರಾ ಅವಳ ಹೆಗಲಲ್ಲಿತ್ತು. ಎಂಬತ್ತೈದು ದಾಟಿದ ನನ್ನ ತಾಯಿಗೆ ಒಂದೇ ಬಯಕೆ: ಬರುತ್ತಿರುವ ತೇರಿನ ಮುಂದೆ ನಿಂತು ಒಂದು ಚಿತ್ರ ತೆಗೆಸಿಕೊಳ್ಳಬೇಕು. "ಮುಂದಿನ ಜಾತ್ರಿಗಿ ನಾ ಇರ್ತೀನೋ ಇಲ್ಲೋ" ಎಂದಳು.

ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ (1746–1822) ರಥೋತ್ಸವವು ಹೋಳಿಹುಣ್ಣಿಮೆಯ ತರುವಾಯ ಐದನೆಯ ದಿನ ಸಂಜೆ ನಡೆಯುತ್ತದೆ. ಸುತ್ತಣ ಹಳ್ಳಿಗಳಿಂದಲೂ ನೆರೆನಾಡುಗಳಿಂದಲೂ ಜನ ಬರುತ್ತಾರೆ. ಬಯಲಿನಲ್ಲಿ ಎತ್ತರದ ತೊಟ್ಟಿಲುಗಳು, ಬಳೆಯ ಅಂಗಡಿಗಳು, ಮಿಠಾಯಿಯ ರಾಶಿ. ತೇರು ಚಲಿಸಿದೊಡನೆ ಭಕ್ತರು ಉತ್ತತ್ತಿ, ಬಾಳೆಹಣ್ಣುಗಳನ್ನು ಅದರ ಮೇಲೆ ತೂರುತ್ತಾರೆ. ಬಿಸಿಲು, ಧೂಳು, ನೂಕುನುಗ್ಗಲು, ಮೇಲಿಂದ ಬೀಳುವ ಹಣ್ಣು: ಬೆಲೆಬಾಳುವ ಯಂತ್ರಕ್ಕೆ ಇದಕ್ಕಿಂತ ಕಠಿನವಾದ ಪರೀಕ್ಷೆ ಇನ್ನೇನಿದ್ದೀತು!

ಮಗಳು ಮನೆಯಲ್ಲಿಯೇ ಸಿದ್ಧತೆ ಮಾಡಿದಳು. ಬೇಕಾದ ಲೆನ್ಸನ್ನು ಒಳಗೆಯೇ ಜೋಡಿಸಿದಳು; ಬಯಲಿನಲ್ಲಿ ಅದನ್ನು ಬದಲಿಸಿದರೆ ಧೂಳು ಒಳಹೊಕ್ಕು, ತೆಗೆದ ಚಿತ್ರಗಳಲ್ಲೆಲ್ಲ ಕಲೆಯಾಗಿ ಕಾಣುವುದಂತೆ. ಲೆನ್ಸಿನ ಮುಂದೆ ಒಂದು ತಿಳಿಗಾಜಿನ ಬಿಲ್ಲೆಯನ್ನು ತಿರುಗಿಸಿ ಕೂರಿಸಿದಳು. ಪೆಟ್ಟು ಬಿದ್ದರೆ ಮೊದಲು ಒಡೆಯುವುದು ಅಗ್ಗದ ಗಾಜು. ಪಟ್ಟಿಯನ್ನು ಒಂದೇ ಹೆಗಲಿಗೆ ತೂಗುಬಿಡದೆ ಎದೆಗೆ ಅಡ್ಡಲಾಗಿ ಹಾಕಿ, ಚೀಲವನ್ನು ಬೆನ್ನಿಗಲ್ಲ, ಮುಂದಕ್ಕೆ ಹೊರಬೇಕೆಂದಳು. ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲಿ ಅದನ್ನು ಬಿಟ್ಟುಹೋಗಬಾರದೆಂದೂ ಹೇಳಿದಳು. ಕಾವಲಿನ ಕೆಲಸ ನನ್ನ ಪಾಲಿಗೆ ಬಂದಿತು.

ಆಟೋದಲ್ಲಿ ಜಗತ್ ವೃತ್ತವನ್ನು ದಾಟಿ, ಜನ ದಟ್ಟವಾದಲ್ಲಿ ಇಳಿದು, ಅಂಗಡಿಯೊಂದರ ಮೆಟ್ಟಿಲ ಮೇಲೆ ತಾಯಿಯನ್ನು ಕುಳ್ಳಿರಿಸಿದೆವು. ಗಾಜಿನ ಮೇಲೆ ಧೂಳು ಕಂಡು ನಾನು ಉತ್ತರೀಯದ ಸೆರಗಿನಿಂದ ಒರಸಲು ಹೋದೆ. "ಅಪ್ಪಾ, ಒರಸಬ್ಯಾಡ್ರಿ! ಧೂಳೇ ಗಾಜನ್ನ ಗೀರತದ" ಎಂದು ಮಗಳು ಕೈ ಹಿಡಿದಳು, ರಬ್ಬರಿನ ಪುಟ್ಟ ಊದುಬುರುಡೆಯಿಂದ ಗಾಳಿಯೂದಿ ಕಣಗಳನ್ನು ಹಾರಿಸಿದಳು. ಬಾಯಿಂದಲೂ ಊದಬಾರದು, ಉಗುಳಿನ ಹನಿ ಅಂಟುತ್ತದೆ.

ಆ ಎಚ್ಚರಿಕೆ ನನ್ನ ತಲೆಗೇರಿತು. ಯಂತ್ರವನ್ನು ಚೀಲದೊಳಗಿಟ್ಟು, ಜಿಪ್ಪನ್ನೆಳೆದು, ಎರಡು ಕೈಗಳಿಂದ ಅಪ್ಪಿಕೊಂಡೆನು. ಅಷ್ಟರಲ್ಲಿ ಜಯಘೋಷವೆದ್ದಿತು, ತೇರು ಬಂದಿತು. ಉತ್ತತ್ತಿಗಳು ಆಲಿಕಲ್ಲಿನಂತೆ ಸುರಿದವು. ಮಗಳು "ಕೊಡ್ರಿ ಅಪ್ಪಾ, ಕೊಡ್ರಿ!" ಎಂದು ಕೈನೀಡಿದರೆ, ನಾನು "ಸ್ವಲ್ಪ ತಡಿ, ಹಣ್ಣು ಬೀಳ್ತಾವ" ಎಂದು ಬಾಗಿ ಚೀಲವನ್ನು ಮರೆಮಾಡಿದೆನು. ತಾಯಿ ಕೈಮುಗಿದು ನಿಂತೇ ಇದ್ದಳು. "ತಮ್ಮಾ, ಚೀಲದಾಗ ಇಟ್ಟು ಅದಕ್ಕ ಪೂಜಿ ಮಾಡ್ತೀಯೇನೋ?" ಎಂದಳು. ನಾನು ಜಿಪ್ಪನ್ನು ತೆರೆಯುವಷ್ಟರಲ್ಲಿ ತೇರು ನಮ್ಮನ್ನು ದಾಟಿಹೋಗಿತ್ತು.

ಆ ಚಿತ್ರವೀಗ ನಮ್ಮ ಪಡಸಾಲೆಯಲ್ಲಿದೆ. ತಾಯಿಯ ಮುಖ ಸ್ಪಷ್ಟವಾಗಿದೆ. ಹಿಂದೆ ಕಾಣುವುದು ತೇರಿನ ಬೆನ್ನು. ಕ್ಯಾಮರಾಕ್ಕೆ ಒಂದು ಗೀರೂ ಆಗಲಿಲ್ಲ. ಆದರೆ ಬಂದವರಿಗೆ ಚಿತ್ರ ತೋರಿಸುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಯಾತಕ್ಕಾಗಿ ಕಾಯುತ್ತಿದ್ದೇವೆಂಬುದನ್ನು ಮರೆತ ಕಾವಲು ಕ್ಷೇಮವಲ್ಲ, ಬರಿಯ ಅಂಜಿಕೆ. ಪ್ರಿಯ ವಾಚಕರು ಜಾತ್ರೆಗೆ ಹೋಗುವಾಗ ಮಗಳು ಹೇಳಿದ ಎಚ್ಚರಿಕೆಗಳನ್ನೆಲ್ಲ ಪಾಲಿಸಲಿ. ತೇರು ಬಂದಾಗ ಮಾತ್ರ ಚೀಲದ ಬಾಯಿ ತೆರೆದಿರಲಿ.

ತಾಯಿಗೆ ಮಾತ್ರ ಯಾವ ಬೇಸರವೂ ಇಲ್ಲ. "ಬೆನ್ನಾದ್ರೇನು, ತೇರಿಂದೇ ಅಲ್ಲೇನು?" ಎನ್ನುತ್ತಾಳೆ.