ಮನಸ್ಸಿನ ಲೆಕ್ಕದವರ ನಡುವೆ ನಾಲ್ಕು ದಿನ

"ಅಮ್ಮ, ಜುಲೈನಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೋಗ್ಬೇಕು, ನಿನ್ನ ಪಾಸ್‌ಪೋರ್ಟ್ ಹುಡುಕಿಡು" ಅಂತ ಮಗಳು ಫೋನಿನಲ್ಲಿ ಹೇಳಿದಾಗ ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸೀದೇ ಹೋಯಿತು. ಇದು 2023ರ ಮಾತು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವಳಿಗೊಂದು ಸಮ್ಮೇಳನ. ಕೂಸಿಗೆ ಏಳು ತಿಂಗಳು, ಇನ್ನೂ ಎದೆಹಾಲು ಬಿಡಿಸಿರಲಿಲ್ಲ. ಬಿಟ್ಟು ಹೋಗುವ ಹಾಗಿಲ್ಲ, ಕಂಕುಳಲ್ಲಿ ಎತ್ತಿಕೊಂಡು ಉಪನ್ಯಾಸ ಕೇಳುವ ಹಾಗೂ ಇಲ್ಲ. ಹೀಗೆ ಬಂತು ನನ್ನ ವಿದೇಶಯಾತ್ರೆ. ಕೂಸಿನ ಆಯಾ ಆಗಿ ಹೋದೆ ಅಂದರೂ ತಪ್ಪಿಲ್ಲ ಬಿಡಿ.

"ಅದೇನ್ರೀ ಸಮ್ಮೇಳನ?" ಎಂದರು ಎದುರುಮನೆಯವರು. "ಗಣಿತ ಮನಶ್ಶಾಸ್ತ್ರ" ಎಂದೆ. "ಅಯ್ಯೋ, ಹುಣಿಸೆಹಣ್ಣಿಗೆ ಹಾಲು ಬೆರೆಸಿದ ಹಾಗೆ!" ಎಂದು ನಕ್ಕರು. ನಾನೂ ನಕ್ಕೆ. ಬೇರೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ನಾನು ನಿಧಾನಕ್ಕೆ ಹೆಸರಾದವಳು. ಅರವತ್ತು ದಾಟಿದ ಮೇಲಂತೂ ಕೇಳುವುದೇ ಬೇಡ. ಬ್ಯಾಂಕಿನ ಚೀಟಿ ತುಂಬಲು ಹೊತ್ತು ಹಿಡಿಯುತ್ತದೆ ಅಂತ ಯಜಮಾನರು ಆ ಕೆಲಸ ತೆಗೆದುಕೊಂಡರು. ಆಮೇಲೆ ದಿನಸಿ, ಹಾಲಿನ ಲೆಕ್ಕವೂ ಅವರ ಕೈಗೆ ಹೋಯಿತು. ಬೇಡ ಅನ್ನಲಿಲ್ಲ. ಹೊರಗೆ ನಗುತ್ತಿದ್ದೆ, ಒಳಗೊಳಗೆ ಭಯ. ನಮ್ಮಮ್ಮನಿಗೆ ಕೊನೆಗಾಲದಲ್ಲಿ ಮರೆವು ಬಂದು, ಹೆತ್ತ ಮಕ್ಕಳನ್ನೇ "ನೀವ್ಯಾರು?" ಅಂತ ಕೇಳಿದವರು ಅವರು. ಅದೂ ಹೀಗೆ ನಿಧಾನದಿಂದಲೇ ಶುರುವಾಯಿತೇನೋ ಅನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಅದಕ್ಕೆ ಎರಡು ವರ್ಷ ಮೊದಲು ಮಗಳು ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದ್ದಳು. ಪರದೆಯ ಮೇಲೆ ಇರುವೆ ಮುತ್ತಿದ ಹಾಗೆ ಚುಕ್ಕಿಗಳು. ಹೆಚ್ಚು ಚುಕ್ಕಿ ಬಲಕ್ಕೆ ಹೋಗುತ್ತಿವೆಯೋ ಎಡಕ್ಕೋ ನೋಡಿ ಗುಂಡಿ ಒತ್ತಬೇಕು. ನಾನು ನೋಡಿದೆ, ಇನ್ನೂ ನೋಡಿದೆ, ಆಮೇಲೆ ಒತ್ತಿದೆ. "ಅಮ್ಮಾ, ಅಷ್ಟೊಂದು ಯೋಚ್ನೆ ಮಾಡ್ಬೇಡ, ಒತ್ತು!" ಎಂದಳು. ಒಲೆಯ ಮೇಲೆ ಹಾಲಿದೆ ಅಂತ ಸುಳ್ಳು ಹೇಳಿ ಅರ್ಧಕ್ಕೇ ಎದ್ದುಬಿಟ್ಟೆ.

ಬೆಂಗಳೂರಿನಿಂದ ನೇರ ವಿಮಾನ, ಹತ್ತು ತಾಸಿನ ಹಾರಾಟ. ಮೊಮ್ಮಗ ಪುಣ್ಯಾತ್ಮ, ಆರು ತಾಸು ನಿದ್ದೆ ಮಾಡಿದ. ಇಳಿದ ಶಿಪೋಲ್ ನಿಲ್ದಾಣ ಸಮುದ್ರಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗಿದೆಯಂತೆ. ಅದು ದೊಡ್ಡ ಸರೋವರದ ತಳ. 1852ರ ಹೊತ್ತಿಗೆ ನೀರನ್ನೆಲ್ಲ ಹೊರಕ್ಕೆ ಎತ್ತಿ ಒಣಗಿಸಿದ ನೆಲ! ಅಲ್ಲಿ ಅಧಿಕಾರಿಯ ಮುಂದೆ ನಾನು ಪಾಸ್‌ಪೋರ್ಟಿನ ಪುಟ ತಿರುವುತ್ತಿದ್ದರೆ, ಮಗಳು "ಕೊಡಮ್ಮ ಇಲ್ಲಿ, ಹಿಂದೆ ಜನ ಕಾಯ್ತಿದ್ದಾರೆ" ಅಂತ ಕೈಯಿಂದ ಕಿತ್ತುಕೊಂಡಳು. ಎಂಟು ಸಾವಿರ ಕಿಲೋಮೀಟರು ದೂರ ಬಂದರೂ ನನ್ನ ಹಣೆಬರಹ ಜೊತೆಗೇ ಬಂದಿತ್ತು.

ಊರು ಮಾತ್ರ ಬಲು ಚೆಂದ. ಬೀದಿಗೊಂದು ಕಾಲುವೆ, ಅದರ ದಡದಲ್ಲಿ ಒಂದಕ್ಕೊಂದು ಒರಗಿ ನಿಂತ ಸಪೂರ ಮನೆಗಳು. ನೆಲವೆಲ್ಲ ಕೆಸರು, ಆದ್ದರಿಂದ ಹಳೆಯ ಕಟ್ಟಡಗಳು ಮರದ ಕಂಬ ಹೂತು ಅದರ ಮೇಲೆ ಕಟ್ಟಿದವು. ಡಾಮ್ ಚೌಕದ ಅರಮನೆಯೊಂದಕ್ಕೇ 13,659 ಕಂಬಗಳೆಂದು ಲೆಕ್ಕ. ಮನೆಯೊಳಗಿನ ಮೆಟ್ಟಿಲು ಏಣಿಯಷ್ಟು ಕಡಿದು. ಮಂಚ, ಬೀರು ಸಾಗಿಸುವುದಕ್ಕೆ ಪ್ರತಿ ಮನೆಯ ನೆತ್ತಿಯಲ್ಲೂ ಒಂದು ಕೊಕ್ಕೆ; ಹಗ್ಗ ಕಟ್ಟಿ ಕಿಟಕಿಯಿಂದ ಒಳಗೆ ಎಳೆದುಕೊಳ್ಳುತ್ತಾರೆ. ಹೆಂಗಸರು ಸೈಕಲ್ಲಿನ ಮುಂದೆ ಮರದ ತೊಟ್ಟಿ ಜೋಡಿಸಿ, ಅದರಲ್ಲಿ ಎರಡು ಮೂರು ಮಕ್ಕಳನ್ನು ಕೂರಿಸಿಕೊಂಡು ಭರ್ರನೆ ಹೋಗುವುದನ್ನು ನೋಡಿ ನನ್ನ ಎದೆ ಝಲ್ಲೆಂದಿತು. ರಾತ್ರಿ ಒಂಬತ್ತೂವರೆಗೂ ಬಿಸಿಲು. ಕೂಸಿಗೆ ಅದು ರಾತ್ರಿಯೆಂದು ನಂಬಿಸುವುದೇ ಒಂದು ಸಾಹಸ.

ಊಟದ ವಿಷಯ ನೀವು ಕೇಳಿಯೇ ಕೇಳುತ್ತೀರಿ. ಅಲ್ಲಿ ಮಧ್ಯಾಹ್ನ ಬಿಸಿ ಅಡಿಗೆಯ ರೂಢಿ ಕಡಿಮೆ, ಬ್ರೆಡ್ಡು ಮತ್ತು ಚೀಸು. ಆದರೆ ಮೇಜಿನ ಮೇಲೆ ಲೋಟದಲ್ಲಿ ಬಿಳಿಯದೇನೋ ಇತ್ತು. ಹಾಲೆಂದು ಬಾಯಿಗಿಟ್ಟರೆ ಮಜ್ಜಿಗೆ! 'ಕಾರ್ನೆಮೆಲ್ಕ್' ಅನ್ನುತ್ತಾರೆ, ಆ ಜನಕ್ಕೆ ಬ್ರೆಡ್ಡಿನ ಜೊತೆ ಕುಡಿದು ರೂಢಿ. ನಾನು ಒಯ್ದಿದ್ದ ಚಟ್ನಿಪುಡಿ ಬ್ರೆಡ್ಡಿಗೆ ಉದುರಿಸಿ, ಮಜ್ಜಿಗೆಗೆ ಉಪ್ಪು ಬೆರೆಸಿ ನಾಲ್ಕು ದಿನ ಸುಖವಾಗಿ ಕಳೆದೆ. (ಚಟ್ನಿಪುಡಿಯನ್ನು ಎರಡು ಕವರಿಗೆ ಹಾಕಿ ದೊಡ್ಡ ಪೆಟ್ಟಿಗೆಯಲ್ಲೇ ಇಡಿ. ನನ್ನದು ಒಂದು ಒಡೆದು ರೇಷ್ಮೆ ಸೀರೆಗೆ ಇಂಗಿನ ವಾಸನೆ ಇನ್ನೂ ಇದೆ.)

ಇನ್ನು ಸಮ್ಮೇಳನ. ಕೂಸು ಮಲಗಿದಾಗ ತಳ್ಳುಗಾಡಿಯೊಂದಿಗೆ ಹಿಂದಿನ ಸಾಲಿನಲ್ಲಿ ಕೂರಬಹುದು ಅಂತ ಬಾಗಿಲಲ್ಲಿದ್ದ ಹುಡುಗಿ ಹೇಳಿದಳು. ಪರದೆಯ ತುಂಬ ಗ್ರೀಕ್ ಅಕ್ಷರಗಳು, ನನಗೆ ಒಂದೂ ತಿಳಿಯಲಿಲ್ಲ. ರಾತ್ರಿ ಮಗಳನ್ನೇ ಹಿಡಿದು ಕೂರಿಸಿ ಕೇಳಿದೆ. ಆಗ ಒಂದಷ್ಟು ಹೇಳಿದಳು. ಅರ್ಧ ಕಿಲೋ ಬದನೆಕಾಯಿ ಕೈಯಲ್ಲಿದ್ದಾಗ ಒಂದು ನಿಂಬೆಹಣ್ಣು ಹೆಚ್ಚಾದರೆ ತಿಳಿಯುತ್ತದೆ, ಹತ್ತು ಕಿಲೋ ಅಕ್ಕಿಚೀಲಕ್ಕೆ ಅದೇ ನಿಂಬೆಹಣ್ಣು ಹಾಕಿದರೆ ತಿಳಿಯುವುದಿಲ್ಲ. ನಮಗೆಲ್ಲ ಗೊತ್ತಿರುವ ಇದನ್ನೇ ಜರ್ಮನಿಯ ವೇಬರ್ ಅಳೆದು ನೋಡಿದ. ಫೆಖ್ನರ್ ಅನ್ನುವವನು 1860ರಲ್ಲಿ ಅದಕ್ಕೆ ಸೂತ್ರ ಕಟ್ಟಿ ಪುಸ್ತಕ ಬರೆದ. ಆಮೇಲೆ ಇದೇ ನೆದರ್ಲೆಂಡ್ಸಿನ ಯೂಟ್ರೆಕ್ಟ್ ಊರಿನ ಕಣ್ಣಿನ ವೈದ್ಯ ಡಾಂಡರ್ಸ್. ಅವನ ಪ್ರಯೋಗದಲ್ಲಿ, ಪರೀಕ್ಷೆಗೆ ಕೂತವರ ಒಂದು ಪಾದಕ್ಕೆ ಸಣ್ಣದಾಗಿ ವಿದ್ಯುತ್ತು ತಾಗಿಸುವುದು. ಯಾವ ಪಾದವೋ ಆ ಕಡೆಯ ಕೈ ಆಡಿಸಬೇಕು. ಯಾವ ಪಾದ ಅಂತ ಮೊದಲೇ ಗೊತ್ತಿದ್ದರೆ ಬೇಗ. ಗೊತ್ತಿಲ್ಲದಿದ್ದರೆ ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ತಡ. ಆ ತಡವೇ ಮನಸ್ಸು ತೀರ್ಮಾನ ಮಾಡಲು ಹಿಡಿಯುವ ಕಾಲ ಎಂದ, 1868ರಲ್ಲಿ. ಮನಸ್ಸನ್ನು ಗಡಿಯಾರದಲ್ಲಿ ಹಿಡಿದ ಮಹಾನುಭಾವ!

ಮೂರನೆಯ ದಿನ ಮಗಳ ಸರದಿ. ಅವಳದು ಭಾಷಣವಲ್ಲ, ಭಿತ್ತಿಪತ್ರ. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಪಕ್ಕದಲ್ಲಿ ನಿಲ್ಲುತ್ತಾರೆ, ಬಂದವರು ಕೇಳುತ್ತಾರೆ. ನಮ್ಮ ವಸ್ತುಪ್ರದರ್ಶನದ ಮಳಿಗೆಯ ಹಾಗೆ ಅನ್ನಿ. ನಾನು ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತೆ. ಹಾಳೆಯ ಮೇಲೆ ಅದೇ ಚುಕ್ಕಿಗಳು. ಪಕ್ಕದಲ್ಲಿ ಕಾಲುವೆಯ ಹಾಗೆ ಎರಡು ದಡ, ನಡುವೆ ಕುಡುಕ ನಡೆದಂಥ ಅಂಕುಡೊಂಕು ಗೆರೆ.

ಜನ ಕರಗಿದ ಮೇಲೆ "ಇದೇನೇ?" ಎಂದೆ.

"ಕಣ್ಣು ಸ್ವಲ್ಪ ಸ್ವಲ್ಪವೇ ಸಾಕ್ಷಿ ಕೂಡಿಸುತ್ತಮ್ಮ. ಗೆರೆ ಮೇಲಿನ ದಡ ಮುಟ್ಟಿದ್ರೆ 'ಬಲ' ಅಂತೀವಿ, ಕೆಳಗಿನದು ಮುಟ್ಟಿದ್ರೆ 'ಎಡ'. ದಡ ಹತ್ರ ಇದ್ರೆ ಬೇಗ ಹೇಳ್ತೀವಿ, ತಪ್ಪು ಜಾಸ್ತಿ. ದೂರ ಇದ್ರೆ ತಡ, ಆದ್ರೆ ತಪ್ಪು ಕಡಿಮೆ."

ನನಗೆ ಥಟ್ಟನೆ ನೆನಪಾದದ್ದು ಅಕ್ಕಿ ಆರಿಸುವುದು. ಕಲ್ಲೋ ನುಚ್ಚೋ ಅಂತ ಮೊರದಲ್ಲಿ ಬೆರಳಾಡಿಸಿ ನೋಡುತ್ತೇವಲ್ಲ. ಮೊರವನ್ನು ಎರಡೇ ನಿಮಿಷಕ್ಕೆ ಮುಗಿಸುವವರ ಮನೆಯ ಅನ್ನದಲ್ಲಿ ಹಲ್ಲಿಗೆ ಕಲ್ಲು ಸಿಕ್ಕುವುದೂ ಉಂಟು. "ಅದೇ ಅಮ್ಮ, ಅದೇ!" ಎಂದಳು.

ಈ ದಡಗಳ ಲೆಕ್ಕವನ್ನು ರೋಜರ್ ರ್ಯಾಟ್‌ಕ್ಲಿಫ್ ಎಂಬುವರು 1978ರಲ್ಲಿ ಬರೆದರಂತೆ. 2001ರಿಂದೀಚೆಗೆ ಅವರೂ ಗೇಲ್ ಮೆಕೂನ್, ಅಂಜಲಿ ಥಾಪರ್ ಎಂಬ ಇಬ್ಬರು ಮಹಿಳೆಯರೂ ಸೇರಿ ಕಾಲೇಜು ಹುಡುಗರನ್ನೂ ಅರವತ್ತು ದಾಟಿದವರನ್ನೂ ಹೋಲಿಸಿ ನೋಡಿದರು. ಹಿರಿಯರು ತಡಮಾಡಿದರು, ನಿಜ. ಆದರೆ ಅನೇಕ ಪರೀಕ್ಷೆಗಳಲ್ಲಿ ಸಾಕ್ಷಿ ಕೂಡಿಸುವ ಕಸುವು ಹುಡುಗರಷ್ಟೇ ಇತ್ತು. ತಪ್ಪಾಗಬಾರದೆಂದು ಅವರು ದಡಗಳನ್ನೇ ದೂರ ಇಟ್ಟುಕೊಂಡಿದ್ದರು. ಕಣ್ಣು ನೋಡಿದ್ದನ್ನು ಬೆರಳಿಗೆ ಮುಟ್ಟಿಸಲು ಚೂರು ಹೊತ್ತು ಹೆಚ್ಚು, ಅಷ್ಟೆ. "ಎಲ್ಲದರಲ್ಲೂ ಹೀಗಲ್ಲಮ್ಮ" ಅಂತಲೂ ಮಗಳು ಹೇಳಿದಳು. "ಯಾವ ಪದದ ಜೊತೆ ಯಾವ ಪದ ಬಂದಿತ್ತು ಅಂತ ನೆನಪಿಟ್ಟುಕೊಳ್ಳೋದ್ರಲ್ಲಿ ವಯಸ್ಸಾದವರು ನಿಜವಾಗ್ಲೂ ಸೋಲ್ತಾರೆ. ಮರೆವಿನ ಕಾಯಿಲೆ ಇದೆಯೋ ಇಲ್ವೋ ಅನ್ನೋದನ್ನ ಈ ಚುಕ್ಕಿ ನೋಡಿ ಹೇಳೋಕಾಗಲ್ಲ, ಅದಕ್ಕೆ ಡಾಕ್ಟರ್ ಹತ್ರಾನೇ ಹೋಗ್ಬೇಕು."

ಅಜ್ಜಿಯ ವಿಷಯ ಇವಳಿಗೂ ಮನಸ್ಸಿನಲ್ಲಿದೆ ಅಂತ ಆಗ ತಿಳಿಯಿತು.

"ಅವತ್ತು ನೀನು ಎದ್ದು ಹೋದ್ಯಲ್ಲ, ಅಷ್ಟರಲ್ಲಿ ಮಾಡಿದ್ದನ್ನ ನೋಡ್ದೆ. ಎರಡೇ ತಪ್ಪು ಇತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲಮ್ಮ."

"ಇಷ್ಟೆಲ್ಲ ಗೊತ್ತಿದ್ದೂ ಮೊನ್ನೆ ಪಾಸ್‌ಪೋರ್ಟ್ ಕಿತ್ಕೊಂಡ್ಯಲ್ಲೇ?"

ಮಾತಾಡಲಿಲ್ಲ. ನನ್ನ ಹೆಗಲಿಂದ ಕೂಸನ್ನು ಎತ್ತಿಕೊಂಡಳು.

ಕಡೆಯ ದಿನ ಮಧ್ಯಾಹ್ನ ಅರ್ಧ ಗಂಟೆ ರೈಲಿನಲ್ಲಿ ಯೂಟ್ರೆಕ್ಟಿಗೆ ಹೋಗಿಬಂದೆವು. ಯಾನ್ಸ್‌ಕೆರ್ಕ್‌ಹಾಫ್ ಎಂಬ ಚೌಕದಲ್ಲಿ ಡಾಂಡರ್ಸನ ಪ್ರತಿಮೆ ಇದೆ. ಪಾರಿವಾಳ ನೋಡಿ ಮೊಮ್ಮಗ ಕೇಕೆ ಹಾಕಿದ. ವಾಪಸು ಬರುವಾಗ ರೈಲುನಿಲ್ದಾಣದ ಗೇಟಿನಲ್ಲಿ ಟಿಕೆಟನ್ನು ಯಾವ ಕಡೆ ಹಿಡಿಯಬೇಕೆಂದು ನಾನು ತಿರುಗಿಸಿ ತಿರುಗಿಸಿ ನೋಡಿದೆ. ಮಗಳು ಆಚೆ ನಿಂತು ಕಾದಳು. ಕೈ ಮುಂದೆ ಬಂದಿತ್ತು, ಮತ್ತೆ ಹಿಂದಕ್ಕೆ ತೆಗೆದುಕೊಂಡಳು.

ಮೈಸೂರಿಗೆ ಬಂದ ಮೂರನೆಯ ದಿನ ಯಜಮಾನರ ಹತ್ತಿರ ಹಾಲಿನ ಲೆಕ್ಕದ ಪುಸ್ತಕ ಕೇಳಿದೆ. "ಈಗ ಯಾಕೆ?" ಅಂದರು. "ಕೊಡಿ" ಅಂದೆ. ಎರಡು ಸಲ ಕೂಡಿದೆ, ಮುಕ್ಕಾಲು ಗಂಟೆ ಹಿಡಿಯಿತು. ನಾವು ಊರಲ್ಲಿಲ್ಲದ ದಿನಗಳಲ್ಲಿ ಅರ್ಧ ಲೀಟರು ಸಾಕು ಅಂದಿದ್ದರೂ ಎಂಟು ದಿನವೂ ಒಂದೊಂದು ಲೀಟರೇ ಬರೆದಿತ್ತು. ಯಜಮಾನರು ರುಜು ಹಾಕಿದ್ದರು.