ಸೀಟಿನ ಕೆಳಗಿನ ಹಣೆಬರಹ

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದತ್ತ ಸಾಗುವ ಜೆ.ಸಿ. ರಸ್ತೆಯು ವಾಹನಗಳ ಬಿಡಿಭಾಗಗಳಿಗೆ ಹೆಸರಾದುದು. ಚಾರ್ಮಾಡಿ ಘಟ್ಟದ ಮಂಜಿನಲ್ಲಿ ಮೋಟಾರ್‌ಸೈಕಲ್ ಓಡಿಸಬಯಸುವವರು ಹೆಚ್ಚಿನ ದೀಪಗಳಿಗಾಗಿ ಇಲ್ಲಿಗೆ ಬರುತ್ತಾರೆ. ಕೊಳ್ಳುವವರ ಕಣ್ಣೆಲ್ಲ ದೀಪದ ಹೊಳಪಿನ ಮೇಲೆ; ಪ್ರಯಾಣದ ಹಣೆಬರಹವಾದರೋ ಸೀಟಿನ ಕೆಳಗೆ, ತಂತಿಗಳ ಗೋಜಿನಲ್ಲಿದೆ.

55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳು 12 ವೋಲ್ಟಿನ ಬ್ಯಾಟರಿಯಿಂದ 9 ಆಂಪಿಯರಿಗೂ ಮಿಕ್ಕು ವಿದ್ಯುತ್ತನ್ನು ಹೀರುತ್ತವೆ. ಹ್ಯಾಂಡಲಿನ ಪುಟ್ಟ ಸ್ವಿಚ್ಚಿಗೆ ಇದು ಮೀರಿದ ಹೊರೆ. ಆದುದರಿಂದ ಬಲ್ಲ ಮೆಕ್ಯಾನಿಕನು ನಡುವೆ ರಿಲೇಯೊಂದನ್ನು ಇರಿಸುತ್ತಾನೆ: ಸ್ವಿಚ್ಚು ಅಪ್ಪಣೆ ಕೊಡುತ್ತದೆ, ರಿಲೇ ಹೊರೆ ಹೊರುತ್ತದೆ. ಫ್ಯೂಸಿನ ಸ್ಥಾನ ಬ್ಯಾಟರಿಯ ಮಗ್ಗುಲಲ್ಲೇ. ದೀಪದ ಬಳಿ ಇಟ್ಟರೆ ನಡುವಿನ ತಂತಿಗೆ ಕಾವಲಿಲ್ಲ. ಹ್ಯಾಂಡಲಿನ ಬುಡದಲ್ಲಿ ತಂತಿಯನ್ನು ಬಿಗಿದು ಕಟ್ಟುವುದಂತೂ ಶುದ್ಧ ಅವಿವೇಕ.

ಕೊಟ್ಟಿಗೆಹಾರ ದಾಟಿ ಇಳಿಯತೊಡಗಿದೊಡನೆ ತಿರುವು ತಿರುವಿಗೂ ಹ್ಯಾಂಡಲು ಹೊರಳುತ್ತದೆ. ತಂತಿಯು ಚೌಕಟ್ಟಿಗೆ ಉಜ್ಜಿ ಹೊದಿಕೆ ಸವೆದಾಗ, ಫ್ಯೂಸಿದ್ದರೆ ಆ ಎರಡು ದೀಪಗಳು ಮಾತ್ರ ಆರಿಯಾವು. ಇಲ್ಲದಿದ್ದರೆ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ಬೆಂಕಿ ಹತ್ತೀತು. ಅಂಗಡಿಯ ಮುಂದೆಯೇ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿ ತಂತಿ ನೋಡುವ ಗಿರಾಕಿಯನ್ನು ಹುಡುಗರು ಸಂಶಯಪಿಶಾಚಿ ಎಂದು ನಗಬಹುದು. ನಗಲಿ, ಘಟ್ಟ ಇಳಿಯುವವರು ಅವರಲ್ಲ.